ಗಂಜಿ ಪಾತ್ರೆಗೆ ಹೋದ ಅಲಸಂಡೆ

ಶಾಲೆಯ ಸಂಚಿಕೆಗೆ ಏನಾದ್ರೂ ಬರೆದುಕೊಡಿ ಅಂತ ಟೀಚರ್ ಫೋನ್ ಮಾಡಿದ್ದರು. ಕಲೋತ್ಸವ, ಬಹುಮಾನ, ಪೆಟ್ಟು ತಿಂದ ಕತೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಶಾಲೆಯ ಹಿಂದಿದ್ದ ತರಕಾರಿ ತೋಟದ ಬಗ್ಗೆ ಬರೆಯುತ್ತೇನೆ.

ಕಾಸರಗೋಡಿನ ಬದಿಯಡ್ಕದ ಕಡೆಯ ಮುರಕಲ್ಲಿನ ಗುಡ್ಡ ಹೇಗಿರ್ತದೆ ಅಂತ ಇದನ್ನು ಓದುವವರಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಸುರಿದ ನೀರೆಲ್ಲ ಕೆಳಗೆ ಓಡಿಹೋಗ್ತದೆ, ಫೆಬ್ರವರಿಗೆ ನೆಲ ಕಾದ ಹಂಚು. ಪಿಕ್ಕಾಸು ಹಾಕಿದರೆ ಠಣ್ ಅಂತ ಹಿಂದೆ ಬರ್ತದೆ. ಅಂಥ ಜಾಗದಲ್ಲಿ ನಮ್ಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯ ಮಾಷ್ಟ್ರೊಬ್ಬರು ತೋಟ ಮಾಡಿಸಿದರು. ಬೇರೆ ಕಡೆಯಿಂದ ಮಣ್ಣು ಹೊತ್ತು ತಂದು, ಹಟ್ಟಿಗೊಬ್ಬರ ಸೇರಿಸಿ ಸಾಲು ಮಾಡಿದೆವು. ನೀರು ಗುಡ್ಡದ ಬುಡದ ಸುರಂಗದ್ದು, ಅಂದರೆ ನೀರಿಗೆಂದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ್ದು. ಬೆರಳು ಗಾತ್ರದ ಧಾರೆ. ಕೊಡ ತುಂಬುವವರೆಗೆ ಕಾಯಲೇಬೇಕು, ಬೈದರೆ ಬೇಗ ಬರುವುದಿಲ್ಲ.

ಶಾಲೆಯಲ್ಲಿ ಪ್ರಾರ್ಥನೆ ಇತ್ತು, ನೀತಿಪಾಠ ಇತ್ತು. ಯಾರಾದರೂ ದೊಡ್ಡವರು ಬಂದು 'ನಾನು, ನನ್ನದು ಎಂಬುದನ್ನು ಬಿಡಬೇಕು' ಎಂದು ಭಾಷಣ ಮಾಡುವುದೂ ಇತ್ತು. ನಮಗೆ ನಿದ್ದೆ ಬರುತ್ತಿತ್ತು. ಮಾಷ್ಟ್ರು ಇಂಥದ್ದೊಂದನ್ನೂ ಬಾಯಿಬಿಟ್ಟು ಹೇಳಿದವರಲ್ಲ. ಅವರು ಸಾಲು ಹಂಚಿಕೊಟ್ಟರು, ಅಷ್ಟೆ. ಇಬ್ಬಿಬ್ಬರಿಗೆ ಒಂದು ಸಾಲು ಅಲಸಂಡೆ.

ಶುರುವಾಯಿತು ನೋಡಿ ನಮ್ಮ ನಮ್ಮ ಆಸ್ತಿ ಜಗಳ! ಪಕ್ಕದ ಸಾಲಿನವರ ಬಳ್ಳಿ ನಮ್ಮ ಕೋಲಿಗೆ ಹತ್ತಿದರೆ ಬಿಡಿಸಿ ಆಚೆ ಬಿಡುವುದು. ಕುಡಿಗೆ ಕಪ್ಪು ಹೇನು ಮುತ್ತಿತು, ಹಿಂದೆಯೇ ಇರುವೆ ಬಂತು. ಇಬ್ಬನಿ ಆರುವ ಮೊದಲೇ ಒಲೆಬೂದಿ ಎರಚಬೇಕು, ಆಗ ಮಾತ್ರ ಎಲೆಗೆ ಅಂಟ್ತದೆ. ಹಾಗಾಗಿ ಬೆಲ್ಲಿಗೆ ತುಂಬಾ ಮೊದಲೇ ಬೂದಿ ಪೊಟ್ಟಣ ಹಿಡಿದು ಓಡುತ್ತಿದ್ದೆವು. ಬರೀ ನಮ್ಮ ಸಾಲಿಗೆ ಹಾಕುತ್ತಿದ್ದೆವು. ಪಕ್ಕದ ಸಾಲಿನ ಹೇನು ಮರುದಿನ ನಮ್ಮಲ್ಲಿಗೇ ಬರುತ್ತಿತ್ತು. ಆಮೇಲೆ ಯಾರೂ ಹೇಳದೆಯೇ ಎಲ್ಲ ಸಾಲಿಗೂ ಬೂದಿ ಬೀಳತೊಡಗಿತು.

ಕೊಯ್ದ ಅಲಸಂಡೆ ಮಧ್ಯಾಹ್ನದ ಗಂಜಿ, ಹೆಸರುಕಾಳಿನ ಜೊತೆಗೆ ಪಲ್ಯಕ್ಕೆ ಹೋಗುತ್ತಿತ್ತು. ಒಬ್ಬ ಗೆಳೆಯ ಬಟ್ಟಲು ಹಿಡಿದುಕೊಂಡು, "ಅಕ್ಕಾ, ನಮ್ಮ ಸಾಲಿದ್ದು ಯಾವುದು?" ಅಂತ ಕೇಳಿದ. ಅಡುಗೆಯ ಅಕ್ಕ ಸೌಟು ಎತ್ತಿ ನಿಂತರು. "ಚೀಟಿ ಕಟ್ಟಿ ಬೇಯಿಸ್ಲಿಕ್ಕಾಗ್ತದಾ ಮಗಾ? ತಿನ್ನು." ಆ ಭಾಷಣಗಳೆಲ್ಲ ಸೇರಿ ಹೇಳಿದ್ದಕ್ಕಿಂತ ಇದು ಜಾಸ್ತಿ ಅಂತ ನನಗೆ ಈಗಲೂ ಅನಿಸುತ್ತದೆ.

ಅದೇ ಗೆಳೆಯ ಇನ್ನೊಂದು ಮಾಡಿದ. ಶಾಲೆ ತಪಾಸಣೆಯ ಅಧಿಕಾರಿ ಎ.ಇ.ಒ. ಬರುವಾಗ ತೋರಿಸಬೇಕೆಂದು ಕಾಯಿಗಳನ್ನು ಕೊಯ್ಯದೆ ಬಿಟ್ಟ. ಕಾಯಿ ಬಲಿತು ಬೆಳ್ಳಗಾಯಿತು, ಹೂ ನಿಂತಿತು, ಎಲೆ ಹಳದಿಯಾಯಿತು. ಅವನಿಗೆ ಅಳುವೇ ಬಂತು. ಮಾಷ್ಟ್ರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಬೀಜ ಬಲಿತ ಮೇಲೆ ಅದಕ್ಕೆ ಇನ್ನೆಂತ ಕೆಲಸ ಉಂಟು? ಕೊಯ್ತಾ ಇರ್ಬೇಕು, ಕೊಡ್ತಾ ಇರ್ಬೇಕು" ಎಂದರು. ಬಸಳೆಯೂ ಹಾಗೇ, ತುದಿ ಚಿವುಟಿದರೇನೇ ಕವಲು ಒಡೆಯುವುದು. ಆದರೆ ಸೌತೆಯ ಲೆಕ್ಕ ಬೇರೆ. ಅಲ್ಲಿ ಎಲ್ಲಕ್ಕಿಂತ ಚೆಂದದ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ, ಅದು ಬೀಜಕ್ಕೆ. ಹಣ್ಣಾದ ಮೇಲೆ ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ಅಂಟಿಸಿಡುತ್ತಿದ್ದೆವು. ಮುಂದಿನ ವರ್ಷದ ಮಕ್ಕಳಿಗೆ ಅಂತ.

ಆ ದಿನಗಳ ಇನ್ನೊಂದು ವಿಷಯ ಬಿಟ್ಟರೆ ಸರಿಯಾಗುವುದಿಲ್ಲ. ಗೇರು ಹೂ ಬಿಡುವ ಹೊತ್ತಿಗೆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲ ಅದು. ಸದ್ದು ಕೇಳಿದರೆ ಸಣ್ಣವರು ಅಂಗಳಕ್ಕೆ ಓಡಿ ಕೈ ಬೀಸುವುದು. ನಮ್ಮಲ್ಲಿ ಒಬ್ಬಳು, "ಮಾಷ್ಟ್ರೇ, ನಮ್ಮ ಬದನೆಗೂ ಹುಳ ಉಂಟಲ್ಲ, ಅದೇ ಮದ್ದು ಹಾಕಿದರಾಯ್ತಲ್ವಾ?" ಎಂದಳು. ಮಾಷ್ಟ್ರು ಸ್ವಲ್ಪ ಹೊತ್ತು ಆಕಾಶ ನೋಡಿದರು. "ಗಾಳಿಗೆ ಬೇಲಿ ಉಂಟಾ?" ಅಂದರು. ನಾವು ಕೈಯಲ್ಲೇ ಹುಳ ಹೆಕ್ಕಿದೆವು. ಆ ಸಿಂಪಡಣೆ ನಿಂತದ್ದು 2000ದಲ್ಲಿ. ಇಡೀ ದೇಶಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ನಮ್ಮ ಪಕ್ಕದ ಎಣ್ಮಕಜೆ, ಬೆಳ್ಳೂರು ಕಡೆಯ ಮನೆಗಳಲ್ಲಿ ಅದು ತಂದ ಕಾಯಿಲೆಗಳ ಲೆಕ್ಕ ಇನ್ನೂ ಮುಗಿದಿಲ್ಲ. ಎಲ್ಲರೂ ಒಂದೇ ಎಂಬ ಮಾತನ್ನು ನಾವು ಎಷ್ಟು ಸುಲಭದಲ್ಲಿ ಹೇಳಿಬಿಡುತ್ತೇವೆ! ಒಬ್ಬರ ತೋಟದ ಮದ್ದು ಇನ್ನೊಬ್ಬರ ಬಾವಿಗೆ ಇಳಿಯುವಾಗಲೂ ಅದು ನಿಜವೇ.

ಏಳನೇ ಕ್ಲಾಸಿನವರು ಶಾಲೆ ಬಿಡುವ ಮೊದಲು ತೆಂಗಿನ ಸಸಿ ನೆಡಬೇಕಿತ್ತು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ, 1916ರಲ್ಲಿ ತೆಂಗಿಗೆಂದೇ ಶುರುವಾದದ್ದು ಅದು, ನಮ್ಮನ್ನು ಕರೆದುಕೊಂಡು ಹೋಗಿದ್ದರು. ಹೊಂಬಾಳೆ ಬಿಚ್ಚಿದ ಮೇಲೂ ಕಾಯಿ ಬಲಿಯಲಿಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು ಎಂದು ಅಲ್ಲಿ ಕೇಳಿ ನಮಗೆ ಆಶ್ಚರ್ಯ. ಸಸಿ ಫಲ ಕೊಡುವಾಗ ನಾವು ಇಲ್ಲಿ ಇರುವುದಿಲ್ಲ ಅಂತ ಗೊತ್ತಿದ್ದೂ, ಗುಂಡಿಗೆ ಉಪ್ಪು ಹಾಕುವುದಕ್ಕೆ ಪೈಪೋಟಿ ಮಾಡಿದೆವು.

ಈಗ ತೋಟದ ಜಾಗದಲ್ಲಿ ಕಂಪ್ಯೂಟರ್ ಲ್ಯಾಬ್ ಇದೆ. ಬೇಸರವೇನಿಲ್ಲ, ಮಕ್ಕಳಿಗೆ ಅದೂ ಬೇಕು. ಲ್ಯಾಬಿನ ಹಿಂದೆ ಸಣ್ಣ ಜಾಗ ಉಂಟು, ಬಿಸಿಲೂ ಬೀಳ್ತದೆ. ದೀಪಾವಳಿಗೆ ಮೊದಲು ಹೇಳಿಕಳಿಸಿದರೆ ಅಲಸಂಡೆ ಬೀಜ, ಬಸಳೆ ಬಳ್ಳಿ ಎರಡನ್ನೂ ನಾನೇ ತಂದುಕೊಡುತ್ತೇನೆ. ಬೂದಿ ಮಾತ್ರ ನೀವೇ ಹೊಂದಿಸಿಕೊಳ್ಳಬೇಕು. ನಮ್ಮಲ್ಲೀಗ ಗ್ಯಾಸ್ ಒಲೆ.