ಚಾಲಿಗೆ ಬಿಳಿ, ರಾಶಿಗೆ ಕೆಂಪು

ಇವತ್ತು ಶಿರಸಿಯ ನಮ್ಮ ಅಡಿಕೆ ಗೋದಾಮಿನಲ್ಲಿ ಹಮಾಲಿ ಅಣ್ಣ ಒಬ್ರು ಸೀದಾ ಕಂಪ್ಯೂಟರ್ ರೂಮಿಗೇ ಬಂದ್ರು. ಕೈಯಲ್ಲಿ ಎರಡು ತುಂಡು ದಾರ. ನಮ್ಮಲ್ಲಿ ಅಡಿಕೆ ಎರಡು ಬಗೆ: ಬೇಯಿಸಿ ಒಣಗಿಸಿದ್ದು ರಾಶಿ, ಹಣ್ಣಡಿಕೆ ಹಾಗೇ ಒಣಗಿಸಿದ್ದು ಚಾಲಿ.

"ರಾಶಿ ಮೂಟೆ ಬಾಯಿ ಕೆಂಪು ದಾರದಲ್ಲಿ ಹೊಲೀರಿ, ಚಾಲಿದು ಬಿಳಿ. ಚೀಟಿ ಹರಿದ್ರೂ ಗೊತ್ತಾಗ್ತದೆ."

ಅಷ್ಟೇ!

ಮಳೆಗಾಲದಲ್ಲಿ ಚೀಟಿ ಒದ್ದೆಯಾಗಿ, ಶಾಯಿ ಕದಡಿ, ಮೂಟೆ ಬಿಚ್ಚಿ ನೋಡೋದೇ ಗತಿ. ನಾವು ಬಾರ್‌ಕೋಡ್ ಅಂತ ಮೀಟಿಂಗ್ ಮೇಲೆ ಮೀಟಿಂಗ್ ಮಾಡ್ತಿದ್ವಿ. ಅವರನ್ನ ಯಾರೂ ಕರೆದಿರಲಿಲ್ಲ, ಹೊರೋದಷ್ಟೇ ಅವರ ಕೆಲಸ ಅಲ್ವಾ.

ಅಮೆರಿಕದ ತ್ರೀಎಂ ಕಂಪನಿ ತಾಂತ್ರಿಕ ಸಿಬ್ಬಂದಿಗೆ ಕೆಲಸದ ಹೊತ್ತಿನ ಶೇ. 15ರಷ್ಟನ್ನು ಅವರವರ ಸ್ವಂತ ಐಡಿಯಾಗೇ ಬಿಡ್ತದೆ. ನಮ್ಮಲ್ಲಿ ಅಷ್ಟೆಲ್ಲ ಬೇಡ ಮಾರಾಯ್ರೆ, ಚಾ ಹೊತ್ತಿಗೆ ಎಲ್ಲರೂ ಒಂದೇ ಬೆಂಚಲ್ಲಿ ಕೂತ್ರೂ ಸಾಕು.

ಮುಂದಿನ ಮೀಟಿಂಗಿಗೆ ಡ್ರೈವರ್, ವಾಚ್‌ಮನ್ ಇಬ್ರನ್ನೂ ಕರೀರಿ ಅಂದಿದೀನಿ. ಸಾಹೇಬ್ರು ಇನ್ನೂ ಹೂಂ ಅಂದಿಲ್ಲ.