ಕಚ್ಚು ಹಾಕುವ ಕಸುಬು

ಪುಣೆ ಬಳಿಯ ಭೋಸರಿಯಲ್ಲಿ, ಲೋಹದ ತಗಡನ್ನು ಒತ್ತಿ ರೂಪಿಸುವ ಪ್ರೆಸ್ ಶಾಪಿನಲ್ಲಿ ತಗಡಿನ ಮೂಲೆ ಕತ್ತರಿಸುವುದಕ್ಕೂ ಪುರಂದರ ತಾಲ್ಲೂಕಿನ ಅಂಜೂರದ ತೋಟದಲ್ಲಿ ತೊಗಟೆ ಕೆತ್ತುವುದಕ್ಕೂ ‘ನಾಚಿಂಗ್’ ಎಂಬ ಒಂದೇ ಹೆಸರಿದೆ. ಪುಣೆಯ ಲೋಹಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ನನಗೆ, ಹೆಸರಷ್ಟೇ ಅಲ್ಲ, ಇವೆರಡರ ಒಳತರ್ಕವೂ ಒಂದೇ ಎನ್ನಿಸುತ್ತದೆ: ಕಚ್ಚು ಬಿದ್ದ ಕಡೆ ಅದುವರೆಗೆ ನೇರವಾಗಿ ಸಾಗುತ್ತಿದ್ದುದು ದಾರಿ ಬದಲಿಸಬೇಕಾಗುತ್ತದೆ.

ಪ್ರೆಸ್ ಶಾಪಿನ ಕಚ್ಚು ಸರಳವಾದದ್ದು. ತಗಡಿನ ನಾಲ್ಕೂ ಅಂಚುಗಳನ್ನು ಮಡಚಿ ಪೆಟ್ಟಿಗೆ ಮಾಡುವ ಮೊದಲು ಮೂಲೆಗಳನ್ನು ಕತ್ತರಿಸಿ ತೆಗೆಯದಿದ್ದರೆ, ಅಲ್ಲಿ ಲೋಹ ಒತ್ತಿಕೊಳ್ಳುತ್ತದೆ ಇಲ್ಲವೇ ಹರಿಯುತ್ತದೆ. ಕಲಬುರಗಿ ಕಡೆಯಿಂದ ಬಂದು ಅಲ್ಲಿ ದುಡಿಯುವ ನಮ್ಮವರು ಈ ಕಚ್ಚಿಗೆ ಮರಾಠಿಯ ‘ಖಾಚ’ ಎಂಬ ಮಾತನ್ನೇ ಬಳಸುತ್ತಾರೆ. ದರ್ಜಿಯ ಕಚ್ಚು ಬಹುಮಟ್ಟಿಗೆ ಗುರುತು ಮಾತ್ರ: ತೋಳಿನ ಮುಂಭಾಗಕ್ಕೆ ಒಂದು, ಹಿಂಭಾಗಕ್ಕೆ ಎರಡು. ಇಸಿಜಿ ಯಂತ್ರದ ನಾಚ್ ಫಿಲ್ಟರಿಗೆ ಕತ್ತಿಯೇ ಬೇಡ. ಅದು ಹೃದಯದ ಸಂಕೇತದೊಳಗೆ ಬೆರೆಯುವ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗದ್ದಲವನ್ನಷ್ಟೇ ಕಿತ್ತು ಹಾಕುತ್ತದೆ.

ನಮ್ಮ ಪ್ರಯೋಗಾಲಯದಲ್ಲಿ ಕಚ್ಚು ಹಾಕುವುದು ಉಕ್ಕನ್ನು ಬೇಕೆಂದೇ ದುರ್ಬಲಗೊಳಿಸುವುದಕ್ಕೆ. ಒಂದೇ ಏಟಿಗೆ ಮುರಿಯುವಾಗ ಉಕ್ಕು ಎಷ್ಟು ಶಕ್ತಿಯನ್ನು ಹೀರುತ್ತದೆಂದು ಅಳೆಯುವ ಶಾರ್ಪಿ ಪರೀಕ್ಷೆಯ ತುಂಡು 55 ಮಿಮೀ ಉದ್ದ, 10 ಮಿಮೀ ಅಗಲ, 10 ಮಿಮೀ ದಪ್ಪ. ಅದರ ನಡುವೆ 45 ಡಿಗ್ರಿ ಕೋನದ, 2 ಮಿಮೀ ಆಳದ ವಿ ಆಕಾರದ ಕಚ್ಚು. ಲೋಲಕದ ಸುತ್ತಿಗೆ ಬೆನ್ನಿಗೆ ಬಡಿದಾಗ, ತುಂಡಿನುದ್ದಕ್ಕೂ ಹಂಚಿಹೋಗಬೇಕಾಗಿದ್ದ ಒತ್ತಡವೆಲ್ಲ ಆ ಕಚ್ಚಿನ ಬುಡದಲ್ಲಿ ಬಂದು ಕಿಕ್ಕಿರಿಯುತ್ತದೆ. ಬುಡದ ದುಂಡು ತ್ರಿಜ್ಯ 0.25 ಮಿಮೀ ಇರಬೇಕು. ಕಚ್ಚು ಕೊರೆಯುವ ಬ್ರೋಚ್ ಎಂಬ ಹಲ್ಲಿನ ಉಪಕರಣ ಸವೆದು ಬುಡ ಮೊಂಡಾದರೆ ಉಕ್ಕು ತನ್ನ ಯೋಗ್ಯತೆಗಿಂತ ಗಟ್ಟಿಯೆಂದು ತೋರುತ್ತದೆ. ಆದ್ದರಿಂದ ಸುತ್ತಿಗೆ ಬಿಡುವ ಮೊದಲು ಕಚ್ಚಿನ ನೆರಳನ್ನು ಪ್ರೊಜೆಕ್ಟರಿನ ಗಾಜಿನ ಮೇಲೆ 50 ಪಟ್ಟು ಹಿಗ್ಗಿಸಿ, ಅಲ್ಲಿ ಗೀಚಿರುವ ಎರಡು ಗೆರೆಗಳ ನಡುವೆ ಅದು ಕೂರುತ್ತದೆಯೇ ಎಂದು ನೋಡುತ್ತೇವೆ. ಯಂತ್ರದ ಅಬ್ಬರ ನೋಡಲು ಬರುವವರಿಗೆ ಇದು ಬೇಸರದ ಕೆಲಸ. ನನ್ನ ಪ್ರಕಾರ ಪರೀಕ್ಷೆಯ ಅರ್ಧ ಭಾಗ ಇಲ್ಲೇ ಮುಗಿಯುತ್ತದೆ. ಎರಡನೆಯ ಮಹಾಯುದ್ಧದ ಕಾಲದ ಲಿಬರ್ಟಿ ಎಂಬ ಅಮೆರಿಕದ ಸರಕು ಹಡಗುಗಳಲ್ಲಿ ಎಷ್ಟೋ ಬಿರುಕುಗಳು ಹೊರಟದ್ದು ಡೆಕ್ಕಿನ ಚೌಕ ಬಾಯಿಗಳ ಮೂಲೆಗಳಿಂದ. ಯಾರೂ ಕಚ್ಚೆಂದು ಹಾಕದಿದ್ದರೂ ಉಕ್ಕಿನ ಪಾಲಿಗೆ ಅವು ಕಚ್ಚುಗಳೇ ಆಗಿದ್ದವು.

ಅಂಜೂರದ ತೋಟದಲ್ಲಿ ಇದೇ ಅಡಚಣೆ ಉಪಕಾರಕ್ಕೆ ಬರುತ್ತದೆ. ಕೊಂಬೆಯ ತುದಿಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ಚಿಗುರಗೊಡದೆ ಮಲಗಿಸಿರುತ್ತದೆ. ಹಾಗಾಗಿ ಪೂನಾ ತಳಿಯ ಕೊಂಬೆಗಳು ಕವಲೊಡೆಯದೆ ಉದ್ದಕ್ಕೆ ಸಾಗುತ್ತವೆ. ಮಳೆಗಾಲದಲ್ಲಿ, ಜುಲೈ ಹೊತ್ತಿಗೆ, ರೈತರು ಮಲಗಿದ ಮೊಗ್ಗಿನ ತುಸು ಮೇಲೆ ಸುಮಾರು 2.5 ಸೆಂಮೀ ಉದ್ದ, 1 ಸೆಂಮೀ ಅಗಲದ ತೊಗಟೆಯ ಸೀಳನ್ನು ಓರೆಯಾಗಿ ಎತ್ತಿ ತೆಗೆಯುತ್ತಾರೆ. ಕತ್ತಿ ಕಟ್ಟಿಗೆಯನ್ನು ಮುಟ್ಟಬೇಕು, ಒಳಗೆ ಇಳಿಯಬಾರದು, ಏಕೆಂದರೆ ಬೇರಿನಿಂದ ನೀರು ಮೇಲೇರುವುದು ಆ ಕಟ್ಟಿಗೆಯಲ್ಲೇ. ತೊಗಟೆಯ ದಾರಿ ಮಾತ್ರ ಕಡಿದರೆ ಆಕ್ಸಿನ್ ಮೊಗ್ಗಿನವರೆಗೆ ಇಳಿಯದು, ಮೊಗ್ಗು ಒಡೆಯುತ್ತದೆ, ಹೊಸ ಕವಲಿನಲ್ಲಿ ಕಾಯಿ ಕಟ್ಟುತ್ತದೆ. ಅದೇ ಕಚ್ಚನ್ನು ಮೊಗ್ಗಿನ ಕೆಳಗೆ ಹಾಕಿದರೆ ಈ ಲಾಭವಿಲ್ಲ. ಮೊಗ್ಗಿನ ಬೆಳವಣಿಗೆ ಇನ್ನಷ್ಟು ಕುಗ್ಗುತ್ತದೆ.