ಪಡುಬಿದ್ರೆ ಮೂಡುಬಿದಿರೆ ಆದ ಭಾನುವಾರ

ಕನ್ನಡ ಡಿಟಿಪಿ, ಪ್ರೂಫ್ ಕೆಲಸ ಮಾಡುವ ನಮ್ಮದೊಂದು ಚಿಕ್ಕ ವಾಟ್ಸಾಪ್ ಗುಂಪಿದೆ. ಡೊಂಬಿವಲಿ, ಥಾಣೆ, ಮೀರಾ ರೋಡ್, ನವಿ ಮುಂಬೈ ಅಂತ ಚದುರಿಕೊಂಡಿದ್ದೇವೆ. ಮೊದಲೆಲ್ಲ ಅಲ್ಲಿ ಫಾಂಟ್ ಸಮಸ್ಯೆ, ಪ್ರೆಸ್ಸಿನವರ ಅವಸರ, ಊರಿನ ಯಕ್ಷಗಾನದ ವಿಡಿಯೋ ಇಷ್ಟೇ ಬರುತ್ತಿತ್ತು. ಈಗ ಎಐ ಬಿಟ್ಟರೆ ಬೇರೆ ಮಾತಿಲ್ಲ. ಬೆಳಿಗ್ಗೆ ಒಬ್ಬರು ಒಂದು ಟೂಲಿನ ಲಿಂಕ್ ಹಾಕುತ್ತಾರೆ. ಸಂಜೆಯೊಳಗೆ ಇನ್ನೊಬ್ಬರು, ‘ಅದು ಹಳೇದಾಯ್ತು, ಇದನ್ನ ನೋಡಿ’ ಅನ್ನುತ್ತಾರೆ.

ಅವರನ್ನು ದೂರಿ ಪ್ರಯೋಜನವಿಲ್ಲ. ವೇಗ ಹಾಗೇ ಇದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಅದು ಏನು, ಎತ್ತ ಅಂತ ತಿಳಿಯುವಷ್ಟರಲ್ಲಿ ಮಾರ್ಚಿನಲ್ಲಿ ಜಿಪಿಟಿ-4 ಬಂತು. ಗೂಗಲ್‌ನ ಬಾರ್ಡ್ ಅನ್ನುವ ಹೆಸರು ಬಾಯಿಗೆ ರೂಢಿಯಾಗುವ ಹೊತ್ತಿಗೆ, 2024ರ ಫೆಬ್ರವರಿಯಲ್ಲಿ, ಅದು ಜೆಮಿನಿ ಆಯಿತು. 2025ರ ಜನವರಿಯಲ್ಲಿ ಎಲ್ಲರ ಬಾಯಲ್ಲೂ ಚೀನಾದ ಡೀಪ್‌ಸೀಕ್. ಇದರ ಮಧ್ಯೆ ಚಿತ್ರ ಬರೆಯುವವು, ದನಿಯನ್ನು ಅಕ್ಷರ ಮಾಡುವವು, ಅನುವಾದ ಮಾಡುವವು ಬೇರೆ. ನಮ್ಮಂಥವರಿಗೆ ಇದು ಸುಮ್ನೆ ಕುತೂಹಲದ ಮಾತಲ್ಲ. ಅಕ್ಷರ ಜೋಡಿಸುವುದು, ತಪ್ಪು ಹುಡುಕುವುದು ನಮ್ಮ ಅನ್ನ. ಅದನ್ನೇ ಮಾಡುತ್ತೇನೆ ಅಂತ ಒಂದು ಯಂತ್ರ ಬಂದು ನಿಂತರೆ ರಾತ್ರಿ ನಿದ್ದೆ ಕೆಡುತ್ತದೆ. ನನಗೂ ಕೆಟ್ಟಿತ್ತು.

ಆ ಗಾಬರಿ ಇಳಿದದ್ದು ಮಾಟುಂಗಾದಲ್ಲಿ, ಒಂದು ಭಾನುವಾರ.

ಅಲ್ಲಿನ ಒಂದು ಕನ್ನಡ ಸಂಘದವರು ತಮ್ಮ ಹಳೆಯ ಸ್ಮರಣ ಸಂಚಿಕೆಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಟಿದ್ದರು. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದವು. ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು, ಮಡಿಸಿದಲ್ಲಿ ಪುಡಿಯಾಗುತ್ತಿತ್ತು. ಕಾರ್ಯದರ್ಶಿ ಶೆಟ್ರು ಫೋನ್ ಮಾಡಿ, ‘ಅಕ್ಕ, ನೀವೊಮ್ಮೆ ಬಂದು ನೋಡಿ. ನಮ್ಮ ಅಳಿಯ ಎಲ್ಲ ಎಐಯಲ್ಲೇ ಮಾಡುವಾ ಅಂತಾನೆ’ ಅಂದರು. ಅಳಿಯ ಅಂದರೆ ಅವರ ತಂಗಿಯ ಮಗ, ಸಾಫ್ಟ್‌ವೇರ್ ಹುಡುಗ. ಅವತ್ತು ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆ ರೈಲು ಕಡಿತ. ಡೊಂಬಿವಲಿಯಿಂದ ಮಾಟುಂಗಾ ಮುಟ್ಟುವಾಗ ತಡವಾಗಿಯೇ ಹೋಗಿತ್ತು.

ಹುಡುಗ ಲ್ಯಾಪ್‌ಟಾಪ್ ತೆರೆದು ಕಾಯುತ್ತಿದ್ದ. ಪರದೆ ತುಂಬ ಟ್ಯಾಬುಗಳು. ಯಾವುದು ಓದುತ್ತದೆ, ಯಾವುದು ತಿದ್ದುತ್ತದೆ, ಯಾವುದು ಇಂಗ್ಲಿಷಿಗೆ ಹಾಕುತ್ತದೆ ಎಂದು ಪಟ್ಟಿ ಮಾಡಿಕೊಂಡಿದ್ದ. ತುಂಬ ಶ್ರದ್ಧೆಯ ಹುಡುಗ. ‘ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹಾಕಿ ನೋಡೋಣ ಅಕ್ಕ’ ಅಂದ. ನಾನು ಬೇಡ ಅಂದೆ. ಹಾಗೆ ಮಾಡಿದರೆ ಯಾವುದು ಒಳ್ಳೆಯದು ಅಂತ ಕೊನೆಗೂ ಗೊತ್ತಾಗುವುದಿಲ್ಲ. ಒಂದೇ ಪುಟ ಹಿಡಿಯೋಣ, ಅದನ್ನೇ ಎಲ್ಲಕ್ಕೂ ಕೊಡೋಣ ಅಂದೆ.

ನಾನು ಆರಿಸಿದ್ದು ದಾನಿಗಳ ಪಟ್ಟಿಯ ಪುಟ. ಸಂಚಿಕೆಯಲ್ಲಿ ಅದಕ್ಕಿಂತ ಕಷ್ಟದ್ದು ಬೇರೆ ಇರಲಿಲ್ಲ. ಎಡಕ್ಕೆ ಹೆಸರು, ನಡುವೆ ಊರು, ಬಲಕ್ಕೆ ರೂಪಾಯಿ, ಎಲ್ಲ ಕನ್ನಡ ಅಂಕಿಯಲ್ಲಿ. ಕೆಲವು ಕಡೆ ಶಾಯಿ ಜಾಸ್ತಿಯಾಗಿ ಅಕ್ಷರದ ಹೊಟ್ಟೆ ತುಂಬಿತ್ತು, ಕೆಲವು ಕಡೆ ಶಾಯಿಯೇ ಹಿಡಿದಿರಲಿಲ್ಲ.

ಮೊದಲು, ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡುವ ಹಳೆ ನಮೂನೆಯ ಓಸಿಆರ್‌ಗೆ ಕೊಟ್ಟೆವು. ಅದು ‘ಕಾರ್ಯದರ್ಶಿ’ಯನ್ನು ‘ಕಾಯ೯ದಶಿ೯’ ಅಂತ ಓದಿತು. ಅರ್ಕಾವೊತ್ತು ನೋಡಲು ಕನ್ನಡದ ಒಂಬತ್ತರ ಹಾಗೇ ಇರುತ್ತದಲ್ವಾ, ಅದಕ್ಕೆ ವ್ಯತ್ಯಾಸ ಗೊತ್ತಾಗಲಿಲ್ಲ. ‘ಘ’ ಇದ್ದಲ್ಲಿ ‘ಫ’. ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿದಿದ್ದವು. ಹುಡುಗ ಮುಖ ಸಿಂಡರಿಸಿದ. ಆಮೇಲೆ ಹೊಸ ಎಐ ಒಂದಕ್ಕೆ ಅದೇ ಪುಟದ ಚಿತ್ರ ಕೊಟ್ಟ. ಬಂದದ್ದು ನೋಡಿ ನಾವೆಲ್ಲ ಕ್ಷಣ ಹೊತ್ತು ಮಾತಾಡಲಿಲ್ಲ. ಕಾಲಂಗಳು ನೆಟ್ಟಗೆ, ಅರ್ಕಾವೊತ್ತು ಸರಿಯಾಗಿ, ಒಂದೂ ಒಡೆದ ಅಕ್ಷರ ಇಲ್ಲ. ‘ನೋಡಿ, ಕೆಲಸ ಮುಗೀತು’ ಅಂದ ಹುಡುಗ.

ಶೆಟ್ರು ಕನ್ನಡಕ ಏರಿಸಿ ನಿಧಾನ ಓದುತ್ತ ಬಂದರು. ಒಂದು ಸಾಲಿನಲ್ಲಿ ಬೆರಳು ನಿಂತಿತು.

‘ಇದೆಂತ ಮಾರಾಯ, ನಮ್ಮ ಅಜ್ಜ ಮೂಡುಬಿದಿರೆಯವರಾದದ್ದು ಯಾವಾಗ?’

ಪುಟದಲ್ಲಿ ಇದ್ದದ್ದು ಪಡುಬಿದ್ರೆ. ಮೊದಲ ಅಕ್ಷರಕ್ಕೆ ಶಾಯಿ ಹಿಡಿದಿರಲಿಲ್ಲ. ಕಾಣುತ್ತಿದ್ದದ್ದು ‘ಡುಬಿದ್ರೆ’ ಮಾತ್ರ. ಎಐ ಅದನ್ನು ತನಗೆ ತೋಚಿದಂತೆ ತುಂಬಿಸಿ, ಕಾಗುಣಿತವನ್ನೂ ಇವತ್ತಿನ ರೀತಿಗೆ ತಿದ್ದಿ, ಮೂಡುಬಿದಿರೆ ಮಾಡಿತ್ತು. ಪಡುಬಿದ್ರೆ ಇರುವುದು ಉಡುಪಿ ಜಿಲ್ಲೆಯ ಕಡಲ ಬದಿಯಲ್ಲಿ, ಮೂಡುಬಿದಿರೆ ದಕ್ಷಿಣ ಕನ್ನಡದ ಒಳನಾಡಿನಲ್ಲಿ. ಅಜ್ಜನ ಊರೇ ಬದಲಾಗಿತ್ತು. ಶೆಟ್ರು ಅಲ್ಲಿ ಕೂತಿರದಿದ್ದರೆ ನನ್ನ ಕಣ್ಣಿಗೂ ಅದು ಬೀಳುತ್ತಿರಲಿಲ್ಲ.

ಓಸಿಆರ್ ತಪ್ಪಿದರೆ ತಪ್ಪು ಎದ್ದು ಕಾಣುತ್ತದೆ. ‘ಕಾಯ೯ದಶಿ೯’ ಯಾರ ಕಣ್ಣನ್ನೂ ತಪ್ಪಿಸಿಕೊಳ್ಳುವುದಿಲ್ಲ. ಎಐ ತಪ್ಪು ಹಾಗಲ್ಲ. ಅದು ಒಳ್ಳೆಯ ಕನ್ನಡದಲ್ಲಿರುತ್ತದೆ, ಸರಿಯಾದ ಊರಿನ ಹೆಸರೇ ಆಗಿರುತ್ತದೆ, ಬೇರೆ ಊರಿನದು ಅಷ್ಟೇ. ಇದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಇವತ್ತು ಹೆಸರು ಕೇಳುವ ಬಹುತೇಕ ಭಾಷಾ ಎಐಗಳು ಟ್ರಾನ್ಸ್‌ಫಾರ್ಮರ್ ಎಂಬ ಒಂದೇ ವಿನ್ಯಾಸದಿಂದ ಬಂದವು. 2017ರಲ್ಲಿ ಗೂಗಲ್‌ನ ಸಂಶೋಧಕರು ಅದನ್ನು ಪ್ರಕಟಿಸಿದರು. ಈವರೆಗೆ ಬಂದದ್ದನ್ನು ನೋಡಿ ಮುಂದೆ ಏನು ಬರುವ ಸಾಧ್ಯತೆ ಹೆಚ್ಚು ಎಂದು ಊಹಿಸುವುದೇ ಅವುಗಳ ಮೂಲ ಕೆಲಸ. ಕಾಣದ ಜಾಗವನ್ನು ಹೊಂದುವಂಥದ್ದರಿಂದ ತುಂಬುತ್ತವೆ. ಉದ್ದದ ಲೇಖನ ಓದಿಸುವಾಗ ಇದೇ ಗುಣ ವರ. ದಾನಿಗಳ ಪಟ್ಟಿಯಲ್ಲಿ ಇದೇ ಗುಣ ಅಪಾಯ. ಬ್ರ್ಯಾಂಡ್ ಯಾವುದೇ ಇರಲಿ, ಈ ಸ್ವಭಾವ ಒಂದೇ. ಇದು ಹೊಳೆದ ಮೇಲೆ ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ದಿನಕ್ಕೊಂದು ಹೆಸರು ಬಂದರೂ ನಾನು ಕಲಿಯಬೇಕಾದ್ದು ದಿನಕ್ಕೊಂದು ಇರಲಿಲ್ಲ.

ಮಧ್ಯಾಹ್ನ ಸ್ಟೇಷನ್ ಹತ್ತಿರ ಉಡುಪಿ ಊಟಕ್ಕೆ ಹೋದೆವು. ಅಲ್ಲಿ ಹುಡುಗ ಹೇಳಿದ್ದು ಕೇಳಿ ನನಗೆ ನಿಜವಾಗಿ ಬೇಸರವಾಯಿತು. ನಾನು ಅಂದುಕೊಂಡಿದ್ದೆ, ದಣಿವು ನಮ್ಮ ವಯಸ್ಸಿನವರದ್ದು, ಇವರಿಗೆಲ್ಲ ಇದು ನೀರು ಕುಡಿದ ಹಾಗೆ ಅಂತ.

‘ಅಕ್ಕ, ಆಫೀಸಿನಲ್ಲಿ ಒಂದು ಟೂಲ್ ಕಲಿತು ಮುಗಿಸೋದ್ರೊಳಗೆ ಇನ್ನೊಂದು ತರ್ತಾರೆ. ರಾತ್ರಿ ಮಲಗಿ ಅದರದ್ದೇ ವಿಡಿಯೋ ನೋಡ್ತೇನೆ. ಒಂದು ವಾರ ಬಿಟ್ರೆ ಹಿಂದೆ ಬಿದ್ದೆ ಅನ್ಸುತ್ತೆ’ ಅಂದ.

ಶೆಟ್ರು ಅವನ ಬಾಳೆಲೆಗೆ ಇನ್ನೊಂದು ಪೂರಿ ಹಾಕಿಸಿದರು. ‘ಮೊದಲು ಊಟ ಮಾಡು ಮಗಾ’ ಅಂದರು.

ಅವನು ಕಲಿತದ್ದರಲ್ಲಿ ಎಷ್ಟು ಉಳಿಯಿತು ಅಂತ ಕೇಳಿದೆ. ಅವನೇ ಲೆಕ್ಕ ಹಾಕುತ್ತ ಹೋದ. ಮೊದಲ ಚಾಟ್‌ಜಿಪಿಟಿಯ ಹಿಂದಿದ್ದ ಮಾದರಿ ಒಮ್ಮೆಗೆ 4 ಸಾವಿರ ಚಿಲ್ಲರೆ ಟೋಕನ್ ಅಷ್ಟೇ ನೆನಪಿಟ್ಟುಕೊಳ್ಳುತ್ತಿತ್ತು. ಟೋಕನ್ ಅಂದರೆ ಅದು ಓದುವ ಅಕ್ಷರದ ತುಣುಕು. ಕನ್ನಡಕ್ಕೆ ಇಂಗ್ಲಿಷಿಗಿಂತ ಎಷ್ಟೋ ಜಾಸ್ತಿ ತುಣುಕು ಬೇಕಾಗುತ್ತಿತ್ತು. ಹಾಗಾಗಿ ಒಂದು ಲೇಖನವನ್ನು ಹೇಗೆ ಕತ್ತರಿಸಿ ಕತ್ತರಿಸಿ ಕೊಡಬೇಕು ಅನ್ನುವುದನ್ನೇ ಅವನು ಕಷ್ಟಪಟ್ಟು ಕಲಿತಿದ್ದ. 2024ರ ಫೆಬ್ರವರಿಯಲ್ಲಿ ಗೂಗಲ್ 10 ಲಕ್ಷ ಟೋಕನ್ ಹಿಡಿಯುವ ಮಾದರಿ ತೋರಿಸಿತು. ಕತ್ತರಿಸುವ ವಿದ್ಯೆಗೆ ಬೆಲೆ ಹೋಯಿತು. ‘ಹಂತ ಹಂತವಾಗಿ ಯೋಚಿಸು’ ಅಂತ ಎಐಗೆ ಹೇಳಿಕೊಡುವ ಉಪಾಯ ಒಂದಿತ್ತು. ಅದೇ ವರ್ಷದ ಸೆಪ್ಟೆಂಬರಿನಿಂದ ತಾವೇ ಹಂತ ಹಂತವಾಗಿ ಯೋಚಿಸುವ ಮಾದರಿಗಳು ಬರತೊಡಗಿದವು. ಅದೂ ಹೋಯಿತು.

ಆಗ ನಾನು ನನ್ನ ಕಥೆ ಹೇಳಿದೆ. ನಾನು ಕೆಲಸ ಶುರು ಮಾಡಿದಾಗ ಪುಟ ಜೋಡಿಸಲು ಪೇಜ್‌ಮೇಕರ್. ಆಮೇಲೆ ಕನ್ನಡ ಟೈಪ್ ಮಾಡಲು ಬರಹ, ನುಡಿ. ಆಮೇಲೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಕ್ರಮವಾದ ಯುನಿಕೋಡ್ ಬಂದು, ನಮ್ಮ ಹಳೆ ಫೈಲುಗಳೆಲ್ಲ ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದ ರಾಶಿಯಾಗಿ ತೆರೆದುಕೊಂಡವು. ಪ್ರತಿ ಸಲ ಕೆಲವು ಕೀಲಿಗಳ ಅಭ್ಯಾಸ ದಂಡವಾಯಿತು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಿಐಎಫ್ಆರ್‌ನಲ್ಲಿ ಕೆಲಸ ಮಾಡಿದ್ದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಮಾತ್ರ ಇವತ್ತಿಗೂ ನನ್ನ ಬೆರಳಲ್ಲಿದೆ. ಯಾಕೆಂದರೆ ಅದು ಯಾವುದೋ ಒಂದು ಸಾಫ್ಟ್‌ವೇರಿನ ಉಪಾಯಕ್ಕೆ ಅಂಟಿಕೊಂಡಿಲ್ಲ, ಕನ್ನಡ ಅಕ್ಷರ ಕೂಡುವ ರೀತಿಗೆ ಅಂಟಿಕೊಂಡಿದೆ. ಉಳಿದ ಇನ್ನೊಂದು ಸಂಗತಿ ಅಂದರೆ ತಪ್ಪು ಕಂಡರೆ ಚುಚ್ಚುವ ಕಣ್ಣು. ‘ನೀನು ಕಲಿಯೋದನ್ನು ಬಿಡಬೇಡ, ಆದರೆ ಮಲಗಿ ವಿಡಿಯೋ ನೋಡೋದು ಬಿಡು’ ಅಂದೆ. ಅವನು ನಕ್ಕ.

ಊಟ ಮುಗಿಸಿ ಬಂದು ಕೆಲಸ ಹಂಚಿಕೊಂಡೆವು. ಲೇಖನ, ವರದಿ, ಅಧ್ಯಕ್ಷರ ಮಾತು ಎಲ್ಲ ಎಐಗೆ, ಆಮೇಲೆ ನನ್ನ ಪ್ರೂಫಿಗೆ. ಹೆಸರು, ಊರು, ಅಂಕಿ ಇರುವ ಪುಟಗಳನ್ನು ಹಳೆ ಪ್ರೆಸ್ಸಿನ ಕ್ರಮದಲ್ಲಿ ಮಾಡುವುದು. ಒಬ್ಬರು ಮೂಲ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆ ನೋಡುವುದು. ಶೆಟ್ರು ಓದಿದರು, ಅಳಿಯ ನೋಡಿದ. ಎರ್ಮಾಳು, ಕಾಪು, ಕಟಪಾಡಿ, ಮೂಲ್ಕಿ ಅಂತ ಊರುಗಳು ಬರುತ್ತ ಹೋದ ಹಾಗೆ, ‘ಇವರ ಮಗ ಫೋರ್ಟಿನಲ್ಲಿ ಕ್ಯಾಂಟೀನ್ ಇಟ್ಟಿದ್ರು’, ‘ಇವರು ರಾತ್ರಿ ಶಾಲೆಗೆ ಬೆಂಚು ಕೊಟ್ಟವರು’ ಅಂತ ಶೆಟ್ರು ಹೇಳುತ್ತಿದ್ದರು. ಹುಡುಗ ಅದನ್ನೂ ಬರೆದುಕೊಂಡ. ಪುಟದಲ್ಲಿ ಇಲ್ಲದ ಆ ಮಾತುಗಳು ಇನ್ನು ಕೆಲವೇ ವರ್ಷ ಸಿಗುವಂಥವು. ಅವು ಯಾವ ಟೂಲಿನ ಒಳಗೂ ಇಲ್ಲ.

ಆ ದಾನಿಗಳ ಪುಟ ಈಗ ನನ್ನ ಒರೆಗಲ್ಲು. ಅದರ ಜೊತೆ ಯಕ್ಷಗಾನದ ಬಗ್ಗೆ ಕುಂದಾಪುರದ ಮಾತು ಬೆರೆಸಿ ಬರೆದ ಒಂದು ಲೇಖನ, ಹಳೆ ಕಾಗುಣಿತದ ಒಂದು ಪದ್ಯ ಇಟ್ಟುಕೊಂಡಿದ್ದೇನೆ. ಮೂರರ ಸರಿ ಪಾಠವೂ ನನ್ನ ಹತ್ತಿರ ಇದೆ. ಹೊಸ ಟೂಲ್ ಬಂತು ಅಂತ ಕೇಳಿದ ಕೂಡಲೇ ತೆರೆಯುವುದಿಲ್ಲ. ನಮ್ಮದೇ ಕೆಲಸ ಮಾಡುವ ಯಾರಾದರೂ ಬಳಸಿ, ಚೆನ್ನಾಗಿದೆ ಅಂದರೆ ಮಾತ್ರ ತಿಂಗಳ ಮೊದಲ ಶನಿವಾರ ಕೂತು ಆ ಮೂರು ಪುಟ ಕೊಡುತ್ತೇನೆ. ಹಳೆಯದಕ್ಕಿಂತ ತಪ್ಪು ಕಡಿಮೆ ಇದ್ದರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಮರೆತುಬಿಡುತ್ತೇನೆ. ವರ್ಷದ ಚಂದಾ ಯಾವುದಕ್ಕೂ ಕಟ್ಟುವುದಿಲ್ಲ, ಬೇಕಾದರೆ ತಿಂಗಳಿನದು. ಸದಸ್ಯರ ಫೋನ್ ನಂಬರು, ವಿಳಾಸ ಇರುವ ಪುಟ ಯಾವ ಎಐಗೂ ಕೊಡುವುದಿಲ್ಲ. ‘ಇದು ಗೊತ್ತಿಲ್ಲದಿದ್ದರೆ ನೀವು ಮುಗಿದ್ರಿ’ ಅಂತ ಶುರುವಾಗುವ ವಿಡಿಯೋಗಳನ್ನು ಪೂರ್ತಿ ಬಿಟ್ಟಿದ್ದೇನೆ. ಹೆದರಿಸಿ ಕಲಿಸುವವರಿಂದ ನನಗೆ ಇವತ್ತಿನವರೆಗೆ ಕೆಲಸಕ್ಕೆ ಬರುವ ಒಂದು ವಿಷಯವೂ ಸಿಕ್ಕಿಲ್ಲ. ಗುಂಪಿನಲ್ಲೂ ಈಗ ಲಿಂಕ್ ಹಾಕುವವರು ಯಾವ ಪುಟ ಕೊಟ್ಟಿರಿ, ಏನು ಬಂತು ಅಂತಲೂ ಬರೆಯಬೇಕು ಅಂತ ಮಾಡಿಕೊಂಡಿದ್ದೇವೆ. ಲಿಂಕುಗಳು ತಾವಾಗಿ ಕಡಿಮೆಯಾದವು.

ಊರಲ್ಲೋ ಮುಂಬೈಯಲ್ಲೋ ಇಂಥ ಹಳೆ ಸಂಚಿಕೆಗಳು ನಿಮ್ಮ ಸಂಘದ ಕಪಾಟಿನಲ್ಲೂ ಇರಬಹುದು. ಯಾವ ಟೂಲ್ ಒಳ್ಳೆಯದು ಅಂತ ಕಾಯುತ್ತ ಕೂರಬೇಡಿ. ಮೊದಲು ಸ್ಕ್ಯಾನ್ ಮಾಡಿ. ಕನಿಷ್ಠ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ. ಬರೀ ಕಪ್ಪು-ಬಿಳುಪಿನಲ್ಲಿ ಮಾಡಬೇಡಿ, ಮಸುಕು ಶಾಯಿ ಮಾಯವಾಗುತ್ತದೆ. ಬಣ್ಣದಲ್ಲೇ ಮಾಡಿ, ಚಿತ್ರದ ಗುಣ ಕೆಡದ ಟಿಫ್ ಫೈಲಾಗಿ ಉಳಿಸಿ, ಎರಡು ಕಡೆ ಇಡಿ. ಅಕ್ಷರ ಮಾಡಿದ ಪಠ್ಯದ ಜೊತೆ ಆ ಪುಟದ ಚಿತ್ರದ ನಂಬರನ್ನೂ ಬರೆದಿಡಿ. ಮುಂದಿನ ವರ್ಷ ಇನ್ನೂ ಚೆನ್ನಾಗಿ ಓದುವ ಟೂಲ್ ಬಂದರೆ ಅದೇ ಚಿತ್ರವನ್ನು ಮತ್ತೆ ಓದಿಸಬಹುದು. ಶೆಟ್ರ ಅಜ್ಜನ ಸಾಲನ್ನು ನಾವು ಕೈಯಲ್ಲೇ ತಿದ್ದಿ, ಪಕ್ಕದಲ್ಲಿ ‘ಮೂಲ ಮಸುಕು, ಮನೆಯವರು ಹೇಳಿದಂತೆ’ ಅಂತ ಟಿಪ್ಪಣಿ ಹಾಕಿದ್ದೇವೆ.